ಅಚ್ಚುಕಟ್ಟಾಗಿ ಕೂತ ಕಾಲು

ಬುಧವಾರ, ಹನ್ನೆರಡನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಎರಡು ಪತ್ರಗಳೂ ತಲುಪಿ ತಿಂಗಳಾಯಿತು. ಬೈದುಕೊಂಡಿರುತ್ತೀ, ಬೈದುಕೋ, ನ್ಯಾಯವೇ. ಹತ್ತು ತಿಂಗಳ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಾಳೆ, ಎಡಗೈ ಅವಳ ತಲೆಯ ಕೆಳಗಿದೆ, ಕಾಗದ ಜಾರಿ ಅಕ್ಷರವೆಲ್ಲ ಸೊಟ್ಟಗಾಗುತ್ತಿದೆ. ರಾತ್ರಿ ಅವಳ ಉಸಿರು ಎಣಿಸುತ್ತ ಕೂತಿರುತ್ತೇನೆ, ಹಗಲಿಡೀ ತೂಗಡಿಸುತ್ತೇನೆ. ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ ಎಂದು ಕಾಲೇಜಿನಲ್ಲಿ ಹೊಗಳಿಸಿಕೊಂಡಿದ್ದೆನಲ್ಲ, ಆ ಮುತ್ತೇ ಈಗ ಕುತ್ತಿಗೆಗೆ ಬಂದಿದೆ. ಹೇಳುತ್ತೇನೆ ಕೇಳು.

ಇವರು ಗಡಿಯಲ್ಲಿ ಒಂದು ಕಾಲು ಬಿಟ್ಟು ಬಂದದ್ದು ನಿನಗೆ ಗೊತ್ತು. ಗಾಯಗೊಂಡ ಸೈನಿಕರಿಗೂ ನೆರೆಯಲ್ಲಿ ಮನೆ ಕಳೆದುಕೊಂಡವರಿಗೂ ನೆರವಾಗುವ ಸಂಘವೊಂದು ಕೃತಕ ಕಾಲು ಕೊಡಲು ಒಪ್ಪಿದೆ ಎಂದೂ ಬರೆದಿದ್ದೆ. ಆ ಕಾಲು ಬಂತು. ಅದರ ಜೊತೆಗೆ ಏಳು ಜನ, ಒಂದು ಬ್ಯಾನರು, ಒಬ್ಬ ಫೋಟೋಗ್ರಾಫರೂ ಬಂದರು. ಕೂರಿಸಲು ಜಾಗ ಸಾಲದೆ ಅತ್ತೆ ಅಡುಗೆಮನೆಯ ಸ್ಟೂಲನ್ನೂ ತಂದು ಹಾಕಿದರು. ಹೊರಡುವ ಮುಂಚೆ ಕಾರ್ಯದರ್ಶಿ, ದಾನಿಗಳಿಗೆ ತೋರಿಸಲು ಎರಡು ಸಾಲು ಬರೆದುಕೊಡಿ ಎಂದರು. ಇವರು ಕಾಲು ಕಟ್ಟಿಸಿಕೊಂಡಿದ್ದರೇ ಹೊರತು ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ. ಏಳೂ ಜನ ನನ್ನ ಪೆನ್ನನ್ನೇ ನೋಡುತ್ತಿದ್ದರು. ಎರಡು ಸಾಲು ಕೇಳಿದವರಿಗೆ ನಾನು ಒಂದು ಪುಟ ಬರೆದುಕೊಟ್ಟೆ. ಕಾಲು ಅಚ್ಚುಕಟ್ಟಾಗಿ ಕೂತಿದೆ, ಇವರು ಮನೆಯೆಲ್ಲ ಓಡಾಡುತ್ತಿದ್ದಾರೆ, ನಮ್ಮ ಬಾಳೇ ಎದ್ದು ನಿಂತಿದೆ ಎಂದೆಲ್ಲ.

ಅವರ ವ್ಯಾನು ತಿರುವು ದಾಟಿದ ಮೇಲೆ ಇವರು ಎದ್ದು ನಿಂತರು. ಕಾಲು ಲಟಕ್ ಎಂದು ಪಕ್ಕಕ್ಕೆ ತಿರುಗಿತು. ಆಸ್ಪತ್ರೆಯಲ್ಲಿ ಅಳತೆ ತೆಗೆದಾಗ ಮೊಣಕಾಲ ಕೆಳಗೆ ಇನ್ನೂ ಊತ ಇತ್ತಂತೆ. ಕಾಲು ತಯಾರಾಗುವ ಹೊತ್ತಿಗೆ ಊತ ಇಳಿದಿದೆ. ಈಗ ಮೂರು ಕಾಲುಚೀಲ ಹಾಕಿ ತುರುಕಿದರೂ ಸಡಿಲ. ಅತ್ತೆಯನ್ನು ಕೇಳಿದರೆ, ದಾನ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಎಮ್ಮೆಯ ಮೇಲೆ ಭಾರ ಹಾಕಿ ನಡೆಯಬೇಕಾದವರು ಅವರಲ್ಲವಲ್ಲ.

ಸೋಮವಾರ ಮಗಳನ್ನು ಸೊಂಟಕ್ಕೇರಿಸಿ, ಕಾಲನ್ನು ಚೀಲಕ್ಕೆ ಹಾಕಿ, ಎರಡು ಬಸ್ಸು ಬದಲಿಸಿ ಸಂಘದ ಆಫೀಸಿಗೆ ಹೋದೆ. ಚೀಲದಿಂದ ಬೂಟು ಇಣುಕುವುದನ್ನು ಕಂಡು ಬಸ್ಸಿನಲ್ಲಿ ಪಕ್ಕದವನು ಸೀಟು ಬಿಟ್ಟು ಎದ್ದುಹೋದ. ಅಷ್ಟೇ ಲಾಭ. ಆಫೀಸಿನ ಹಜಾರದ ತುಂಬ ಹೋದ ತಿಂಗಳ ನೆರೆಯ ಜನ. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಗೆ ಸಂಘದವರು, ಯಾರೋ ಹಾಕಿ ಬಿಟ್ಟ ಹಳೆಯ ಕನ್ನಡಕ ಕೊಟ್ಟಿದ್ದರು. ಕಾಣುತ್ತಾ ಅಜ್ಜಿ ಎಂದು ಕೇಳಿದೆ.

“ಹಾಕ್ಕೊಂಡ್ರೆ ಏನೂ ಕಾಣಲ್ಲ ಮಗಾ, ತೆಗೆದ್ರೆ ಸ್ವಲ್ಪ ಕಾಣುತ್ತೆ. ಪಾಪ, ಕೊಟ್ಟವ್ರಿಗೆ ಬೇಜಾರಾಗಬಾರ್ದು ಅಂತ ಇಲ್ಲಿಗೆ ಬಂದಾಗ ಹಾಕ್ಕೊಂಡಿರ್ತೀನಿ.”

ನಗು ಬಂತು, ಹಿಂದೆಯೇ ಮೈಯೆಲ್ಲ ಉರಿಯಿತು. ನಾವಿಬ್ಬರೂ ಕಾಲೇಜಿನಿಂದ ನೆರೆ ಶಿಬಿರಕ್ಕೆ ಹೋಗಿದ್ದಾಗ, ಒದ್ದೆ ಸೀರೆಯಲ್ಲಿ ನಿಂತವಳ ಕೈಗೆ ಕಂಬಳಿ ಕೊಟ್ಟು, ಸ್ವಲ್ಪ ನಗಿ ಅಮ್ಮ ಎಂದು ಫೋಟೋ ತೆಗೆದವಳು ನಾನೇ ಅಲ್ಲವೇನೇ?

ಗುಮಾಸ್ತ ಫೈಲು ಬಿಚ್ಚಿದ. ಮೇಲೆಯೇ ನನ್ನ ಪತ್ರ.

“ಇದು ನಿಮ್ಮ ಅಕ್ಷರ ತಾನೆ?”

“ಹೌದು.”

“ಹಾಗಾದ್ರೆ ಕಾಲು ಸರಿಯಾಗಿದೆಯಲ್ಲಮ್ಮ. ಫೈಲ್ ಮುಗಿದಿದೆ.”

ನಾನು ಕಾಲನ್ನೇ ತೆಗೆದು ಅವನ ಮೇಜಿನ ಮೇಲಿಟ್ಟೆ. ಅವನು ಚಹಾದ ಲೋಟವನ್ನು ಆಚೆ ಸರಿಸಿಕೊಂಡ, ಅಷ್ಟೇ. ಕೆಟ್ಟವನೇನಲ್ಲ. ನನ್ನ ಪತ್ರವನ್ನು ದಾನಿಗಳ ಸಭೆಯಲ್ಲಿ ಓದಿದರಂತೆ, ಇಬ್ಬರು ಕಣ್ಣೊರೆಸಿಕೊಂಡರಂತೆ, ಈಗ ಅದು ಕರಪತ್ರದಲ್ಲೂ ಅಚ್ಚಾಗಿದೆಯಂತೆ. ಫೈಲು ಮತ್ತೆ ತೆರೆಯಬೇಕಾದರೆ, ಕಾಲು ಹೊಂದುತ್ತಿಲ್ಲ ಎಂಬ ಪತ್ರಕ್ಕೆ ಸೈನಿಕರದೇ ಸಹಿ ಬೇಕು. ಕಾಲು ಸರಿಮಾಡುವವನು ನೆರೆಯ ಕೆಲಸಕ್ಕೆ ಹೋಗಿದ್ದಾನೆ. ಬಂದ ಮೇಲೆ ಸರದಿ.

ಮನೆಗೆ ಬಂದು ಸಹಿ ಕೇಳಿದರೆ ಇವರು ಸುತರಾಂ ಒಪ್ಪಲಿಲ್ಲ. “ಕೈಮುಗಿದು ಈಸ್ಕೊಂಡಿದ್ದೀನಿ. ಈಗ ಸರಿಯಿಲ್ಲ ಅಂತ ಬರೆದುಕೊಡ್ಲಾ? ಆಸ್ಪತ್ರೆಯಲ್ಲಿ ಪಕ್ಕದ ಮಂಚದವನಿಗೆ ಎರಡೂ ಕಾಲಿಲ್ಲ, ಅವನಿನ್ನೂ ಕಾಯ್ತಿದ್ದಾನೆ.” ನೀವು ಎಡವಿಕೊಂಡು ಓಡಾಡಿದರೆ ಅವನಿಗೆ ಕಾಲು ಮೂಡುತ್ತದಾ ಎಂದು ಕೇಳಿದೆ. ಎರಡು ದಿನ ಮನೆಯಲ್ಲಿ ಪಾತ್ರೆಗಳದ್ದೇ ಮಾತು.

ಇವತ್ತು ಬೆಳಿಗ್ಗೆ ಇವರ ಹೆಸರಿನಲ್ಲಿ ನಾನೇ ಬರೆದು ಮುಂದಿಟ್ಟೆ. ಅಲಂಕಾರವಿಲ್ಲ, ಇದ್ದದ್ದು ಇದ್ದ ಹಾಗೆ. ಮೊದಲಿನ ಪತ್ರ ನನ್ನ ಹೆಂಡತಿ ಸಂಕೋಚಕ್ಕೆ ಬರೆದ ಸುಳ್ಳು ಎಂದೂ ಸೇರಿಸಿದ್ದೆ. ಎರಡು ಸಲ ಓದಿದರು. ಪೆನ್ನು ತೆಗೆದುಕೊಂಡು ಒಂದೇ ಒಂದು ಸಾಲನ್ನು ಅಕ್ಷರ ಕಾಣದ ಹಾಗೆ ಹೊಡೆದುಹಾಕಿ ಸಹಿ ಮಾಡಿದರು. ‘ಮಗಳನ್ನು ಎತ್ತಿಕೊಳ್ಳಲು ಆಗುತ್ತಿಲ್ಲ’ ಎಂಬ ಸಾಲು ಅದು. ಯಾಕೆ ಎಂದೆ.

“ಅದಕ್ಕೂ ಕಾಲಿಗೂ ಸಂಬಂಧ ಇಲ್ಲ” ಎಂದರು.

ನಾಳೆ ಮತ್ತೆ ಎರಡು ಬಸ್ಸು. ನೀನು ಹೊಟ್ಟೆತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು, ನನ್ನ ಪಾಲಿನದೂ ಸೇರಿಸಿ. ನಿನ್ನ ಮನೆಯವರೆಲ್ಲ ತಣ್ಣಗಿರಲಿ.

ನಿನ್ನ
ಬಾಯಿಬಡುಕಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಕಾಲು ಬಂದ ಮಾರನೆಯ ವಾರ ಇವರು ಮಗಳನ್ನು ಎತ್ತಿಕೊಂಡು ಕಿಟಕಿಯ ಕಡೆ ನಾಲ್ಕು ಹೆಜ್ಜೆ ಹಾಕಿದ್ದರು. ಕಾಲು ತಿರುಗಿತು, ವಾಲಿದರು. ನಾನು ಕೈಯಳತೆಯಲ್ಲೇ ಇದ್ದೆ. ಮಗುವನ್ನು ಕಿತ್ತುಕೊಂಡೆ, ಇವರನ್ನು ಹಿಡಿಯಲಿಲ್ಲ. ಒಬ್ಬರೇ ಬಿದ್ದರು. ನೆಲದಿಂದಲೇ, ಅವಳಿಗೇನೂ ಆಗಿಲ್ಲ ತಾನೆ ಎಂದು ಕೇಳಿದರು. ಅವತ್ತಿನಿಂದ ಮಗಳನ್ನು ಕೊಡು ಎಂದು ಒಂದು ಸಲವೂ ಕೇಳಿಲ್ಲ. ಕುರ್ಚಿಯಲ್ಲಿ ಕೂತಿರುವಾಗಲಾದರೂ ಮಡಿಲಿಗೆ ಹಾಕಬಹುದಿತ್ತು, ಗುಬ್ಬಿ. ನಾನೂ ಹಾಕಿಲ್ಲ.