ಶನಿವಾರದ ಪ್ರಾಕ್ಟಿಕಲ್

ಆಗಸ್ಟ್ 8, ಶುಕ್ರವಾರ, ಸಂಜೆ 4.30

ಹಾಸ್ಟೆಲ್ ಖಾಲಿಯಾಗುತ್ತಿದೆ. ಮೆಟ್ಟಿಲ ಮೇಲೆ ಬ್ಯಾಗುಗಳ ಸದ್ದು. ಕಾಣಕೋಣ, ಪೆಡ್ಣೆ, ವಾಳಪೈ... ಗೋವಾದ ಮೂಲೆಮೂಲೆಯ ಹುಡುಗಿಯರೆಲ್ಲ ವಾರದ ಕೊಳೆ ಬಟ್ಟೆ ತುಂಬಿಕೊಂಡು ಊರಿಗೆ. ಸೋಮವಾರ ಇಸ್ತ್ರಿಯಾಗಿ ವಾಪಸ್. ನನ್ನ ಬಟ್ಟೆ ಇಲ್ಲೇ ಒಗೆದಾಗಿದೆ. ಮನೆಯವರದು ಅಲ್ಲಿ ಕಾಯುತ್ತಿರುತ್ತದೆ.

ನಲವತ್ತೆಂಟಕ್ಕೆ ಎಂ.ಎ. ಫಿಲಾಸಫಿ, ಮೊದಲ ವರ್ಷ. ಇವರು ಬೇಡ ಅನ್ನಲಿಲ್ಲ. ಒಂದೇ ಕರಾರು: ಶುಕ್ರವಾರ ಸಂಜೆ ಜುವಾರಿ ನದಿಯಾಚೆ ಮಂಗೋರ್ ಹಿಲ್‌ನ ಮನೆಯಲ್ಲಿರಬೇಕು. ಭಾನುವಾರ ಮೈದುನರು ಸಂಸಾರ ಸಮೇತ ಊಟಕ್ಕೆ ಬರುತ್ತಾರೆ. ಹದಿನಾಲ್ಕು ಜನ. ಮಾಂಸಕ್ಕೆ ಶನಿವಾರ ಸಂಜೆಯೇ ಮಸಾಲೆ ಹಚ್ಚಿಡಬೇಕು, ಹಿರಿಯ ಸೊಸೆಯ ಕೈಯಿಂದಲೇ ಆಗಬೇಕು. ಅತ್ತೆಯ ಕಟ್ಟಳೆ. ಇಪ್ಪತ್ತಾರು ವರ್ಷದಿಂದ ನನ್ನದೇ ಕೈ.

ಮಳೆ ಜೋರಾಗಿದೆ. ಬಸ್ಸು ಐದಕ್ಕೆ.

ಆಗಸ್ಟ್ 9, ಶನಿವಾರ, ಸಂಜೆ 5.45

ನಿನ್ನೆ ಹೋಗಲಾಗಲಿಲ್ಲ. ಇಳಿಜಾರಿನಲ್ಲಿ ಮರ ಬಿದ್ದು ಬಸ್ಸೇ ಬರಲಿಲ್ಲ. ಇವತ್ತು ಮಧ್ಯಾಹ್ನ ಹೊರಡಬಹುದಿತ್ತು. ಹೊರಡಲಿಲ್ಲ.

ನಾಲ್ಕಕ್ಕೆ ರೂಮಿನ ಜೊತೆಗಾತಿ ಯಾಸ್ಮೀನ ಲೈಬ್ರರಿಯ ಜಗಲಿಗೆ ಕರೆದುಕೊಂಡು ಹೋದಳು. ಊರು ದೂರವಿದ್ದು ವಾರಾಂತ್ಯಕ್ಕೆ ಹೋಗಲಾಗದವರು ಅಲ್ಲಿ ಸೇರುತ್ತಾರೆ. ಮಣಿಪುರ, ಕೇರಳ, ಬೀದರ. ಒಟ್ಟು ಏಳು ಜನ. ಬೀದರದ ನವೀದ, ರಿಸರ್ಚ್ ಮಾಡುವವನು, ಕೆಟಲ್ ತರುತ್ತಾನೆ. ಒಬ್ಬೊಬ್ಬರೂ ತಮ್ಮ ಭಾಷೆಯ ಒಂದು ಪದ್ಯ ಓದಬೇಕು. ಅರ್ಥ ಹೇಳುವ ಹಾಗಿಲ್ಲ. ಚಪ್ಪಾಳೆಯೂ ಇಲ್ಲ. ಓದಿದ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು. ಮುಂದೇನು ಅಂತ ನವೀದನನ್ನು ಕೇಳಿದೆ.

"ಮುಂದ ಏನಿಲ್ರಿ ದೀದಿ. ಚಾ."

ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೊಂದು ಹೇಳಿದೆ. ನನ್ನ ದನಿ ಹೊಸದಾಗಿ ಕೇಳಿಸಿತು. ಮನೆಯಲ್ಲಿ ಅದು ಒಂದು ಕೋಣೆಯಿಂದ ಇನ್ನೊಂದಕ್ಕೆ ಕೂಗಲಷ್ಟೇ ಬಳಕೆಯಾಗುತ್ತದೆ.

ಒಂದೂವರೆ ಗಂಟೆ. ಯಾರೂ ನೀರು ಕೇಳಲಿಲ್ಲ.

ಆಗಸ್ಟ್ 17, ಭಾನುವಾರ, ಮನೆ

ಶುಕ್ರವಾರ ಬಡಿಸುವಾಗ ಹೇಳಿಬಿಟ್ಟೆ. ಇನ್ನು ಮೇಲೆ ಶನಿವಾರ ಪ್ರಾಕ್ಟಿಕಲ್ ಇದೆ, ಮುಗಿಸಿಕೊಂಡು ಎಂಟಕ್ಕೆ ಬರುತ್ತೇನೆ, ಅಂತ. ಮೊದಲೇ ಯೋಚಿಸಿದ್ದಲ್ಲ. ಬಾಯಿಗೆ ಬಂತು.

ನಮ್ಮ ಮನೆಯಲ್ಲಿ ಪ್ರಾಕ್ಟಿಕಲ್ ಅಂದರೆ ಯಾರೂ ಎದುರಾಡುವುದಿಲ್ಲ. ಮಗ ರಿಯಾಜ ಡಿಪ್ಲೊಮಾ ಮಾಡುವಾಗ ಒಂದೇ ಒಂದು ಪ್ರಾಕ್ಟಿಕಲ್ ತಪ್ಪಿಸಿ ಒಂದು ವರ್ಷ ಕಳೆದುಕೊಂಡ. ಮನೆಮಂದಿಗೆಲ್ಲ ಅದು ಇನ್ನೂ ನೆನಪಿದೆ. ಫಿಲಾಸಫಿಗೆ ಲ್ಯಾಬ್ ಇಲ್ಲ ಅಂತ ಗೊತ್ತಿರುವವನೂ ಅವನೊಬ್ಬನೇ. ನನ್ನ ಮುಖ ನೋಡಿದ. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ನಿನ್ನೆ ಬೆಳಿಗ್ಗೆ ಅತ್ತೆ ಟ್ರಂಕಿನಿಂದ ರಿಯಾಜನ ಬಿಳಿ ಕೋಟು ತೆಗೆದರು. ನೀಲಿ ಹಾಕಿ ಒಗೆದು, ಇಸ್ತ್ರಿ ಮಾಡಿಸಿಟ್ಟಿದ್ದಾರೆ. ಇದಿಲ್ಲದೆ ಲ್ಯಾಬಿನ ಒಳಗೆ ಬಿಡುವುದಿಲ್ಲ, ಅವನಿಗೂ ಒಮ್ಮೆ ಹಾಗೇ ಆಗಿತ್ತು, ಅಂದರು. ತೋಳು ನನ್ನ ಬೆರಳ ತುದಿಯವರೆಗೆ ಬರುತ್ತದೆ. ತೆಗೆದುಕೊಂಡೆ. ತೆಗೆದುಕೊಳ್ಳದೆ ಏನು ಮಾಡಲಿ.

ಆಗಸ್ಟ್ 24, ಭಾನುವಾರ, ಮನೆ

ನಿನ್ನೆ ಜಗಲಿಯಲ್ಲಿ ಎರಡನೆಯ ಸಲ. ಇಲ್ಲಿ ಮೈದುನನ ಹೆಂಡತಿ ರುಕ್ಸಾನಾ ಬಂದು ಮಸಾಲೆ ಹಚ್ಚಿದ್ದಾಳೆ. ಊಟಕ್ಕೆ ಕೂತಾಗ ಅತ್ತೆ ಎರಡು ಸಲ ನಿಂಬೆಹಣ್ಣು ಕೇಳಿದರು. ಅವರು ತಪ್ಪು ಎತ್ತಿ ಆಡುವ ಬಗೆ ಅದು. ರುಕ್ಸಾನಾಳ ಮುಖ ಸಣ್ಣದಾಯಿತು.

ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ.

ಸೆಪ್ಟೆಂಬರ್ 6, ಶನಿವಾರ, ಮನೆ

ಚೌತಿಯ ರಜೆ ಮುಗಿಸಿ ಹೋಗುವಾಗ ಕೋಟು ಮನೆಯಲ್ಲೇ ಮರೆತಿದ್ದೆ. ಇವರು ಇವತ್ತು ಅದನ್ನು ಯೂನಿವರ್ಸಿಟಿಗೆ ತೆಗೆದುಕೊಂಡು ಬಂದರು. ಬಾಡಿಗೆಯ ಸಾಮಾನು ಇಳಿಸಿ, ತಮ್ಮ ಟೆಂಪೊ ತಿರುಗಿಸಿಕೊಂಡು, ಹೆಂಡತಿ ಫೇಲಾಗಬಾರದು ಅಂತ.

ಗೇಟಿನವನು ಕೆಮಿಸ್ಟ್ರಿಗೆ ಕಳಿಸಿದನಂತೆ. ಅಲ್ಲಿಂದ ಫಿಸಿಕ್ಸ್. ಅಲ್ಲಿ ಪ್ಯೂನ್ ಸಬ್ಜೆಕ್ಟ್ ಯಾವುದು ಅಂತ ಕೇಳಿದ. ಇವರು ಹೇಳಿದರು. ಪ್ಯೂನ್ ನಕ್ಕನಂತೆ, ಲೈಬ್ರರಿಯಲ್ಲಿ ನೋಡಿ ಅಂದನಂತೆ. ಆ ನಗುವನ್ನು ನನಗೆ ಎರಡು ಸಲ ಹೇಳಿದರು.

ಜಗಲಿಯಲ್ಲಿ ನಾನು ಓದುತ್ತಿದ್ದೆ. ಮೊದಲು ಕಂಡದ್ದು ಕೋಟು. ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ, ಎದೆಗವಚಿಕೊಂಡಿದ್ದರು. ಪದ್ಯ ನಿಲ್ಲಿಸಲಿಲ್ಲ. ಮುಗಿಸಿದೆ. ಆಮೇಲೆ ಎಂದಿನ ಹಾಗೆ ಎಲ್ಲರೂ ಸುಮ್ಮನೆ ಕೂತರು. ಇವರು ಅಷ್ಟು ಹೊತ್ತೂ ನಿಂತೇ ಇದ್ದರು, ಒದ್ದೆ ಚಪ್ಪಲಿಯಲ್ಲಿ. ನವೀದ ಸರಿದು ಜಾಗ ಕೊಟ್ಟ. ಕೂರಲಿಲ್ಲ.

"ಕೋಟ್ ಮರ್ತಿದ್ದಿ" ಅಂದರು.

ಟೆಂಪೊದಲ್ಲಿ ಮನೆಗೆ ಹೊರಟೆವು. ಜುವಾರಿ ಸೇತುವೆ ಮೇಲೆ ಕೇಳಿದರು: "ಖರೇ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?"

"ಅಂತಿದ್ರಿ."

ಗೇರು ಬದಲಿಸಿದರು. ಸ್ವಲ್ಪ ಮುಂದೆ ಹೋದ ಮೇಲೆ, "ಹೌದು" ಅಂದರು.

ಸೆಪ್ಟೆಂಬರ್ 7, ಭಾನುವಾರ, ಸಂಜೆ 5, ಮನೆ

ಇವರು ಯಾರಿಗೂ ಹೇಳಿರಲಿಲ್ಲ. ನನಗೇ ಬಿಟ್ಟಿದ್ದರು. ಊಟದ ನಡುವೆ ಅತ್ತೆ ಪ್ರಾಕ್ಟಿಕಲ್ ಪರೀಕ್ಷೆ ಯಾವಾಗ ಅಂತ ಕೇಳಿದರು. ಹದಿನಾಲ್ಕು ಜನರ ಮುಂದೆ.

"ಪ್ರಾಕ್ಟಿಕಲ್ ಇಲ್ರಿ ಅತ್ತಿ. ಸುಳ್ಳ ಹೇಳಿದ್ದೆ."

"ಮತ್ತ ಅಲ್ಲಿ ಏನ್ ಮಾಡ್ತಿ?"

"ಪದ್ಯ ಓದ್ತೇವಿ. ಆಮ್ಯಾಲೆ ಸುಮ್ಮ ಕೂಡ್ತೇವಿ."

"ಸುಮ್ಮ ಕೂಡಾಕ ಅಷ್ಟ ದೂರ ಹೋಗ್ಬೇಕು? ಮನ್ಯಾಗ ಕೂಡು. ಯಾರ್ ಬ್ಯಾಡ ಅಂದಾರ?"

"ಮನ್ಯಾಗ ಕುಂತ್ರ ಯಾರರ ಕರೀತಾರ್ರಿ."

ದೊಡ್ಡ ಮೈದುನ ಅನ್ನ ಬೇಕೆಂದು ಬಾಯಿ ತೆರೆದಿದ್ದವನು ಮುಚ್ಚಿಕೊಂಡ. ತಾನೇ ಎದ್ದು ಬಡಿಸಿಕೊಂಡ. ಅವನಿಗೆ ಸೌಟು ಹಿಡಿಯಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇವರು ಕೈ ತೊಳೆಯುತ್ತ ಹೇಳಿದ್ದು, ದನಿ ಏರಿಸದೆ: "ಕರಾರ್ ಆಗಿತ್ತು. ಶುಕ್ರವಾರ ಸಂಜಿ ಮನ್ಯಾಗ ಇರ್ಬೇಕು. ಆಗೂದಿಲ್ಲಂದ್ರ ಹಾಸ್ಟೆಲ್ ಸಾಕು. ನಾನ ಬಂದು ಬ್ಯಾಗ್ ತರ್ತೇನಿ."

ಹಾಸ್ಟೆಲ್ ಬಿಟ್ಟರೆ ಎಂ.ಎ. ಬಿಟ್ಟ ಹಾಗೆಯೇ. ಬೆಳಿಗ್ಗೆ ಒಂಬತ್ತರ ಕ್ಲಾಸಿಗೆ ಇಲ್ಲಿಂದ ಎರಡು ಬಸ್ಸು ಬದಲಿಸಿ ಹೋಗುವುದು, ಅಡುಗೆ ಮುಗಿಸಿಕೊಂಡು... ಜೂನಿನಲ್ಲಿ ಹದಿನೈದು ದಿನ ಮಾಡಿ ನೋಡಿದ್ದೇನೆ.

ಎಲ್ಲರೂ ಹೋದ ಮೇಲೆ ಒಬ್ಬಳೇ ಉಣ್ಣುತ್ತಿದ್ದೆ. ಅತ್ತೆ ಅಡುಗೆಮನೆ ಬಾಗಿಲಿಗೆ ಬಂದರು.

"ಅಲ್ಲಿ ಯಾರೂ ಕರಿಯೂದಿಲ್ಲ?"

"ಇಲ್ರಿ."

ಒಂದು ಪಾತ್ರೆಯ ಮುಚ್ಚಳ ತೆಗೆದರು. ಮತ್ತೆ ಮುಚ್ಚಿದರು. ಹೋದರು.

ಸೆಪ್ಟೆಂಬರ್ 12, ಶುಕ್ರವಾರ, ಸಂಜೆ 5.20

ಬಸ್ಸು ಹೋಯಿತು. ನಾನು ಹತ್ತಲಿಲ್ಲ.

ಫೋನ್ ಮಾಡಿ ತಿಳಿಸಿದೆ: ಇವತ್ತು ಬರುವುದಿಲ್ಲ, ನಾಳೆ ಎಂಟಕ್ಕೆ ಬರುತ್ತೇನೆ, ಇನ್ನು ಪ್ರತಿವಾರ ಹಾಗೆಯೇ. "ಹಂಗಾರ ನಾ ಬರ್ತೇನಿ" ಅಂದು ಇಟ್ಟರು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನಾಳೆಗೆ ಇಳಿಯುತ್ತಿತ್ತು.

ಹೆದರಿಕೆ ಇದೆ. ನಾಳೆಗೆ ಯಾವ ಪದ್ಯ ಎಂದು ಹುಡುಕಲು ಕೂತರೆ ಸಾಲುಗಳು ಕಣ್ಣ ಮುಂದೆ ಹಾದು ಹೋಗುತ್ತಿವೆ, ಒಳಗೆ ಬರುತ್ತಿಲ್ಲ.

ಸೆಪ್ಟೆಂಬರ್ 13, ಶನಿವಾರ, ಮಧ್ಯಾಹ್ನ 3.35

ಟೆಂಪೊ ಬಂದಿದೆ. ಕಿಟಕಿಯಿಂದ ಕಾಣುತ್ತದೆ. ಇವರು ಇಳಿದು ಗೇಟಿನವನ ಜೊತೆ ಮಾತಾಡುತ್ತಿದ್ದಾರೆ. ಮುಂದಿನ ಸೀಟಿನಲ್ಲಿ ಅತ್ತೆ. ಗಾಜು ಇಳಿಸಿಕೊಂಡು ಕೂತಿದ್ದಾರೆ, ಲೈಬ್ರರಿಯ ಕಡೆ ನೋಡುತ್ತ. ನನ್ನನ್ನು ಒಪ್ಪಿಸಲು ಬಂದರೋ ಎಳೆದೊಯ್ಯಲು ಬಂದರೋ ಗೊತ್ತಿಲ್ಲ. ಗೋವಾಕ್ಕೆ ಬಂದು ನಲವತ್ತು ವರ್ಷ, ಜುವಾರಿ ದಾಟಿ ಈ ಕಡೆ ಅವರು ಬಂದದ್ದು ಆಸ್ಪತ್ರೆಗೆ ಮಾತ್ರ.

ಯಾಸ್ಮೀನ ನನ್ನ ಬ್ಯಾಗನ್ನು ಮಂಚದ ಮೇಲೆ ತಂದಿಟ್ಟಳು. ತುಂಬಲಾ ಅಂತ ಕೇಳಿದಳು. ಬೇಡ ಅಂದೆ. ಮೇಲಿಡು ಅಂದೆ. ಸ್ಟೂಲ್ ಹತ್ತಿ ಕಪಾಟಿನ ಮೇಲಿಟ್ಟಳು.

ಇನ್ನು ಇಪ್ಪತ್ತೈದು ನಿಮಿಷ. ಕೆಳಗೆ ಹೋಗುತ್ತೇನೆ. ಇವರಿಗೆ ಹೇಳುವುದು ಹೇಳಿಯಾಗಿದೆ. ಅತ್ತೆಗೆ ಹೇಳಬೇಕು: ನಾಕಕ್ಕ ನಾವು ಕೂಡ್ತೇವ್ರಿ, ಐದೂವರೆ ತನಕ ನಾ ಏಳೂದಿಲ್ಲ. ಬರೂದಿದ್ರ ಬರ್ರಿ, ಕೈ ಹಿಡಿದು ಕರ್ಕೊಂಡ್ ಹೋಗ್ತೇನಿ. ಇಲ್ಲಂದ್ರ ಇಲ್ಲೇ ಗಾಡ್ಯಾಗ ಕೂಡ್ರಿ, ಮುಗಿಸಿ ಬರ್ತೇನಿ.