ಗೋಡೆಯೊಳಗಿನ ನೀಲವ್ವ

ಹದಿಮೂರನೇ ತಿಂಗಳ ಇಪ್ಪತ್ತೇಳು, ೨೦೯೮

ಪೂಜ್ಯ ಮುತ್ತಜ್ಜ ಕೊಟ್ರಪ್ಪನವರಿಗೆ ನಿಮ್ಮ ಮರಿಮಗಳು ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ವರ್ಷಕ್ಕೆ ಹದಿಮೂರು ಸಲ ಚಂದಾ ಬರಲೆಂದು ನಮ್ಮ ಕಾಲದ ಟಿವಿ ಕಂಪನಿ ತಿಂಗಳನ್ನು ಇಪ್ಪತ್ತೆಂಟು ದಿನಕ್ಕೆ ಕತ್ತರಿಸಿತು. ಕ್ಯಾಲೆಂಡರೂ ಅದರ ಹಿಂದೆಯೇ ಬಾಲ ಅಲ್ಲಾಡಿಸಿಕೊಂಡು ಹೋಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಸಮಾಧಾನವಾಗಿ ಕೂತು ಬರೆಯಲು ಆಗುತ್ತಿಲ್ಲ.

ನೀವೀಗ, ನನಗಿಂತ ಎಂಬತ್ತು ಚಿಲ್ಲರೆ ವರ್ಷ ಹಿಂದೆ, ಬೆಟಗೇರಿಯಲ್ಲಿ, ನಿಮ್ಮ ಹೊಂಬೆಳಕು ಕೇಬಲ್ ಕಚೇರಿಯಲ್ಲಿ, ವಿಲೀನದ ಕರಾರಿಗೆ ಸಹಿ ಹಾಕಲು ಕೂತಿದ್ದೀರಿ. ಮಾಳಿಗೆಯ ಮೇಲೆ ಒಂದು ಡಿಶ್ ಇಟ್ಟು, ಕಂಬದಿಂದ ಕಂಬಕ್ಕೆ ತಂತಿ ಎಳೆದು ಶುರು ಮಾಡಿದ್ದು ಐದು ತಾಲ್ಲೂಕಿಗೆ ಹಬ್ಬಿತು. ನಿಮ್ಮನ್ನು ನುಂಗುವ ಕಂಪನಿಯನ್ನು ಇನ್ನೊಂದು ನುಂಗುತ್ತದೆ, ಅದನ್ನು ಮತ್ತೊಂದು. ಕೊನೆಗೆ ಉಳಿದದ್ದಕ್ಕೆ ನಾವು ಏಕಪರದೆ ಎನ್ನುತ್ತೇವೆ. ಈಗ ಮನೆಯ ಗೋಡೆಯೇ ಟಿವಿ. ಅದು ಮಾತಾಡುತ್ತದೆ, ಅದಕ್ಕೆ ಗೋಡೆವಾಣಿ ಎಂದು ಹೆಸರು. ರೊಟ್ಟಿ ಬಡಿಯುವಾಗಲೂ ನಮ್ಮನ್ನು ಬಿಡುವುದಿಲ್ಲ.

ಆ ದನಿ ನೀಲವ್ವ ಮುತ್ತಜ್ಜಿಯದು. ದಿನಾ ಬೆಳಿಗ್ಗೆ ನಿಮ್ಮ ಲೋಕಲ್ ಚಾನೆಲ್ಲಿನಲ್ಲಿ ಅವರು ಹೇಳುತ್ತಾರಲ್ಲ, “ಕೇಳ್ರೆಪಾ, ಇವತ್ತ ಹೊಸಪೇಟಿ ಓಣಿಗೆ ನೀರ ಬರತೈತಿ, ಕೊಡಾ ತೊಳದ ಇಟಗೋರಿ” ಎಂದು, ಆ ಟೇಪುಗಳೂ ಕರಾರಿನ ಜೊತೆಗೇ ಹೋಗುತ್ತವೆ. ಕಂಪನಿಯವರು ಅವುಗಳಿಂದ ದನಿ ತೆಗೆದು, ಬೆಟಗೇರಿಯ ಮಾತನ್ನು ಉಜ್ಜಿ ತೊಳೆದು, ತಮ್ಮ ಮಾತು ತುಂಬಿದರು. ಈಗ ನೀಲವ್ವ ಇಡೀ ನಾಡಿನಿಂದ ಚಂದಾ ಕೇಳುತ್ತಾರೆ.

ಹೇಳಬಾರದು, ಆದರೂ ಹೇಳುತ್ತೇನೆ: ನೀಲವ್ವನವರು ಹೆಚ್ಚು ದಿನ ಬದುಕುವುದಿಲ್ಲ. ನಿಮ್ಮ ತೊಟ್ಟಿಲ ಕೂಸು ಸಿಂಚನಾ, ಅಂದರೆ ನನ್ನ ಅಜ್ಜಿ, ತಾಯಿಯ ನೆನಪೇ ಇಲ್ಲದೆ ಬೆಳೆಯುತ್ತಾಳೆ. ಗೋಡೆಯ ದನಿ ಯಾರದೆಂದು ಮುಂದೆ ನೀವೇ ಅವಳಿಗೆ ಹೇಳುತ್ತೀರಿ. ಈಗ ಅವಳಿಗೆ ಮುಪ್ಪು. ಬೇಕೆಂದೇ ಚಂದಾ ಕಟ್ಟುವುದಿಲ್ಲ. ಚಿತ್ರ ನಿಂತು, “ಮಾನ್ಯ ಗ್ರಾಹಕರೇ, ನಿಮ್ಮ ಚಂದಾ ಮುಗಿದಿದೆ” ಎಂದು ದನಿ ಬಂದರೆ ಸಾಕು, ಮಂಚದಲ್ಲಿ ಎದ್ದು ಕೂತು “ಹೂಂ ಯವ್ವಾ, ಇಲ್ಲೇ ಅದೀನಿ” ಎನ್ನುತ್ತಾಳೆ. ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ನಾಳೆ ಏಕಪರದೆಯೂ ಇನ್ನೊಂದರಲ್ಲಿ ವಿಲೀನ. ಹೊಸ ಒಡೆಯರು ಹೊಸ ದನಿ ತರುತ್ತಾರಂತೆ. ಅಜ್ಜಿಗೆ ಇದನ್ನು ಯಾವ ಬಾಯಿಂದ ಹೇಳಲಿ? ಬೆಳಗಿನಿಂದ ಒಳಗೂ ಹೊರಗೂ ಸುಮ್ಮನೆ ಓಡಾಡುತ್ತಿದ್ದೇನೆ.

ಸಹಿ ಬೇಡ ಎನ್ನುವುದಿಲ್ಲ. ಹಾಕಿ, ನಾಲ್ಕು ಜನರ ಹೊಟ್ಟೆಪಾಡಿನ ಮಾತು. ಆದರೆ ಪೆನ್ನು ಹಿಡಿಯುವ ಮುಂಚೆ ಮನೆಗೆ ಹೋಗಿ ನೀಲವ್ವನವರ ಮುಂದೆ ಒಂದು ಖಾಲಿ ಟೇಪು ಹಾಕಿ. ಕೂಸನ್ನು ಹೆಸರು ಹಿಡಿದು ಒಂದು ಸಲ ಕರೆಯಲಿ. ಬೈದರೂ ಸರಿ. ಅದನ್ನು ಮಾತ್ರ ಕಂಪನಿಗೆ ಕೊಡಬೇಡಿ. ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಡಿ. ನುಡಿಸುವ ಯಂತ್ರ ಎಲ್ಲಿದ್ದರೂ ನಾನು ಹುಡುಕಿ ತರುತ್ತೇನೆ. ಇಷ್ಟು ವರ್ಷವೂ ಆ ತಾಯಿ ತನ್ನ ಮಗಳನ್ನು ಮಾನ್ಯ ಗ್ರಾಹಕರೇ ಎಂದೇ ಕರೆದಿದ್ದಾಳೆ.