ಇವರ ಮೂರು ಹೊತ್ತಿನ ಸ್ನಾನ

ಜುಲೈ 6, ಭಾನುವಾರ

ಗೀಸರ್ ಮತ್ತೆ ಆನ್. ಬೆಳಿಗ್ಗೆಯಿಂದ ಇವರದು ಮೂರನೇ ಸ್ನಾನ. ನನ್ನ ಪಾಲಿಗೆ ತಣ್ಣೀರು. ಅತ್ತೆಗೆ ಪರಮ ಸಂತೋಷ. ಮಗ ಮೂರು ಹೊತ್ತೂ ಸ್ನಾನ ಮಾಡಿ ಲಿಂಗಪೂಜೆಗೆ ಕೂರುತ್ತಾನೆ ಎಂದು ಉಪ್ಪಾರಹಳ್ಳಿಗೆಲ್ಲ ಸಾರಿ ಬಂದಿದ್ದಾರೆ. ಪೂಜೆಗೆ ಕೂರುವುದು ನಿಜ. ಊಟಕ್ಕೆ ಕೂರುವುದಿಲ್ಲವಲ್ಲ! ಎರಡು ತುತ್ತು ಇಳಿದರೆ ವಾಂತಿ. ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡುವುದು, ಸುಡುಸುಡು ನೀರು ಸುರಿದುಕೊಳ್ಳುವುದು. ಪ್ಯಾಂಟ್ ಸೊಂಟದಲ್ಲಿ ನಿಲ್ಲುತ್ತಿಲ್ಲ. ಗ್ಯಾಸ್ಟ್ರಿಕ್ ಅಂತೆ... ನನಗೆ ಭಯ.

ಜುಲೈ 9

ಎಂಡೋಸ್ಕೋಪಿ ನಾರ್ಮಲ್. ಸ್ಕ್ಯಾನ್ ನಾರ್ಮಲ್. ಖುಷಿಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಗುಬ್ಬಿಯಿಂದ ಅಮ್ಮ ಫೋನ್ ಮಾಡಿ ಜೀರಿಗೆ ಕಷಾಯ ಹೇಳಿದಳು. ಅದನ್ನೂ ವಾಂತಿ ಮಾಡಿದರು.

ಜುಲೈ 13, ಆಸ್ಪತ್ರೆ

ಕುಣಿಗಲ್‌ಗೆ ಟೈಲ್ಸ್ ಕೆಲಸಕ್ಕೆ ಹೋದವರು ಅಲ್ಲೇ ಕುಸಿದರಂತೆ. ಜೊತೆ ಕೆಲಸದ ಭೀಮರಾಜ್ ಕರೆತಂದ. ಡ್ರಿಪ್ ಹಾಕಿದ್ದಾರೆ. ಇನ್ನೂ ತಡವಾಗಿದ್ದರೆ ಕಿಡ್ನಿಗೆ ಪೆಟ್ಟು ಎಂದರು ಡಾಕ್ಟರ್ ಪೂಜಾ. ಅತ್ತೆ ಅವರ ಮುಂದೆಯೂ ಮಗನ ಸ್ನಾನದ ಮಹಿಮೆ ಹಾಡಿದರು. ಡಾಕ್ಟರ್ ಬರೆಯುವುದು ನಿಲ್ಲಿಸಿದರು. ಬಿಸಿನೀರು ಬಿದ್ದಾಗ ವಾಂತಿ ನಿಲ್ಲುತ್ತದೆಯೇ ಎಂದು ಕೇಳಿದರು. ಇವರು ಹೂಂ ಎಂದರು. ಡಾಕ್ಟರ್ ಅತ್ತೆಯನ್ನು ಟೀಗೆ ಕಳಿಸಿದರು. ನನ್ನನ್ನೂ ಕಳಿಸಲು ನೋಡಿದರು — ಕದಲಲಿಲ್ಲ.

"ಗಾಂಜಾ ಎಷ್ಟ್ ವರ್ಷದಿಂದ ಸೇದ್ತಾ ಇದೀರಾ, ಸಂಗಮೇಶ್?"

ರೇಗಿತು ನನಗೆ. ಲಿಂಗ ಕಟ್ಟಿದವರಿಗೆ ಇದೆಂಥ ಪ್ರಶ್ನೆ! ಇವರು ನನ್ನ ಮುಖ ನೋಡಲಿಲ್ಲ.

"ಡಿಪ್ಲೊಮಾ ಟೈಮಿಂದ, ಮೇಡಂ. ದಿನಾ."

ಟೆರೇಸಿನಲ್ಲಿ ಹೊಗೆ ಏನೆಂದು ಕೇಳಿದರೆ, ಸೊಳ್ಳೆಗೆಂದು ಬೇವಿನ ಎಲೆ ಸುಟ್ಟೆ ಎನ್ನುತ್ತಿದ್ದರು. ನಂಬಿದ್ದೆ. ಎಂಥ ಪೆದ್ದಿ ನಾನು.

ಅದೇ ದಿನ, ಸಂಜೆ

ಬೈದೆ. ಚೆನ್ನಾಗಿ ಬೈದೆ. ಆಮೇಲೆ ಕಣ್ಣೀರು ಹಾಕಿದೆ. ವಾಂತಿ ಬಂದಾಗೆಲ್ಲ ಇವರು ಗಾಂಜಾವನ್ನೇ ಔಷಧಿ ಎಂದು ಇನ್ನಷ್ಟು ಸೇದುತ್ತಿದ್ದರಂತೆ. ಹೊಟ್ಟೆಗೆ ಒಳ್ಳೆಯದು ಎಂದು ಭೀಮರಾಜನ ಉಪದೇಶ. ವರ್ಷಗಟ್ಟಲೆ ಸೇದಿದ ಕೆಲವರಿಗೆ ಅದೇ ವಾಂತಿ ತರಿಸುತ್ತದೆ, ಸುಡುನೀರು ಬಿದ್ದಾಗ ತುಸು ತಗ್ಗುವುದೇ ಅದರ ಗುರುತು ಎಂದು ಡಾಕ್ಟರ್ ಹೇಳಿದರೂ ಇವರಿಗೆ ನಂಬಿಕೆಯಿಲ್ಲ. ಇಂಜೆಕ್ಷನ್ ಕೊಟ್ಟು, ಹೊಟ್ಟೆಗೆ ಮೆಣಸಿನಕಾಯಿ ಖಾರದ ಮುಲಾಮು ಹಚ್ಚಿದರು. ಉರಿ ಉರಿ ಎಂದರು. ವಾಂತಿ ತಗ್ಗಿತು. ಪೂರ್ತಿ ವಾಸಿಯಾಗಲು ಮಾತ್ರ ಒಂದೇ ದಾರಿ — ಬಿಡುವುದು. ಕೌನ್ಸೆಲಿಂಗ್‌ಗೂ ಹೋಗಬೇಕು.

ಆಗಸ್ಟ್ 2

ನಿದ್ದೆಯಿಲ್ಲ, ಬೆವರು, ಮಾತುಮಾತಿಗೆ ಸಿಡುಕು. ಬಿಟ್ಟ ಮೇಲೆ ಸ್ವಲ್ಪ ದಿನ ಹೀಗೇ ಎಂದಿದ್ದಾರೆ ಕೌನ್ಸೆಲರ್. ಆದರೆ ಇವತ್ತು ಒಂದು ಮುದ್ದೆ ಪೂರ್ತಿ! ಅತ್ತೆಗೆ ಬೇರೆ ಚಿಂತೆ. ಮಗ ಒಂದೇ ಸ್ನಾನಕ್ಕೆ ಇಳಿದ, ಭಕ್ತಿ ಕಡಿಮೆಯಾಯಿತು, ಸೊಸೆ ಏನೋ ಮಾಡಿದಳು. ತುಟಿ ಕಚ್ಚಿಕೊಂಡೆ. ನಿಜ ಹೇಳಬೇಕಾದವರು ಇವರು.

ಆಗಸ್ಟ್ 19

ಮತ್ತೆ ವಾಂತಿ. ಕುಣಿಗಲ್ ಕೆಲಸಕ್ಕೆ ಹೋದಾಗೆಲ್ಲ ಸೇದುತ್ತಿದ್ದರಂತೆ. ಬಚ್ಚಲ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಇವರೂ ಅತ್ತರು. "ಅದ್ರಿಂದಲೇ ಕಣೇ. ಈಗ ಗೊತ್ತಾಯ್ತು," ಅಂದರು. ಡಾಕ್ಟರ್ ಹೇಳಿದಾಗ ಒಪ್ಪದ್ದನ್ನು ಹೊಟ್ಟೆ ಒಪ್ಪಿಸಿತು. ನಾಳೆ ಮತ್ತೆ ಕೌನ್ಸೆಲರ್ ಹತ್ತಿರ.

ಸೆಪ್ಟೆಂಬರ್ 28, ಭಾನುವಾರ

ಇವರ ಕೆನ್ನೆ ತುಂಬಿದೆ. ಮಧ್ಯಾಹ್ನ ಭೀಮರಾಜ್ ಬಂದ. ಮಗನನ್ನು ಉಳಿಸಿದವನು ಎಂದು ಅತ್ತೆಯಿಂದ ಕಾಫಿ, ಚಕ್ಕುಲಿ. ಅವನು ಇವರಿಗೆ ಟೆರೇಸಿನ ಕಡೆ ಕಣ್ಸನ್ನೆ ಮಾಡಿದ. ಇವರು ಎದ್ದರು... ಮೆಟ್ಟಿಲ ಕಡೆ ಹೋಗಲಿಲ್ಲ. ಅತ್ತೆಯ ಪಕ್ಕ ಹೋಗಿ ಕೂತರು.

"ಅವ್ವ, ಆ ಸ್ನಾನ ಭಕ್ತಿಗಲ್ಲ. ನಾನು ಗಾಂಜಾ ಸೇದ್ತಿದ್ದೆ. ಅದ್ರಿಂದ್ಲೇ ವಾಂತಿ. ಈಗ ಬಿಟ್ಟಿದೀನಿ."

ಅತ್ತೆ ಮಗನ ಬೆನ್ನು ಸವರಿದರು. ಕಣ್ಣೊರೆಸಿಕೊಂಡು ಭೀಮರಾಜನನ್ನು ನೋಡಿದರು. ಅವನು ಚಕ್ಕುಲಿ ಮುಟ್ಟಿರಲಿಲ್ಲ.

"ನಿಂಗೂ ಹಿಂಗೇ ಹೊಟ್ಟೆ ತೊಳಸ್ತದೇನಪ್ಪಾ?"

ತಲೆ ತಗ್ಗಿಸಿದ. ಆಮೇಲೆ ನಿಧಾನಕ್ಕೆ ಆಡಿಸಿದ, ಹೌದೆಂದು. ನಾಳೆ ಬೆಳಿಗ್ಗೆ ಡಾಕ್ಟರ್ ಪೂಜಾ ಹತ್ತಿರ, ಅತ್ತೆಯ ತೀರ್ಮಾನ. ಇವರೇ ಕರೆದೊಯ್ಯುತ್ತಾರಂತೆ. ಅವನು ರಾತ್ರಿ ಇಲ್ಲೇ ಉಳಿಯುತ್ತಾನೆ. ಮುದ್ದೆಗೆ ಎಸರಿಡಬೇಕು, ಅತ್ತೆ ಕೂಗುತ್ತಿದ್ದಾರೆ, ಈ ಸಲ ನಾಲ್ಕು ಜನಕ್ಕೆ —